ತಳವಾರನ ಹೊಣೆ

ಇಂದು ಹಗರಿಬೊಮ್ಮನಹಳ್ಳಿಯ ರೈತನು ಪಹಣಿ ಕೇಳಿದರೆ ಅದು ಶಾನುಭೋಗರ ದಫ್ತರದಿಂದ ಬರುವುದಿಲ್ಲ. ಬೆಂಗಳೂರಿನವರೆಗೆ ಹಬ್ಬಿರುವ ಗಣಕಯಂತ್ರಗಳ ಜಾಲದಿಂದ ಬರುತ್ತದೆ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೇರಿ ಎರಡು ದಶಕಗಳೇ ಸಂದಿವೆ. ದಫ್ತರಕ್ಕೆ ಒಂದು ಬೀಗ ಸಾಕಾಗಿತ್ತು. ಜಾಲಕ್ಕೆ ಹಗಲಿರುಳೂ ಕಾವಲು ಬೇಕು. ಆ ಕಾವಲಿನವನನ್ನು ಜಾಲದ ಆಡಳಿತಗಾರನೆನ್ನುತ್ತಾರೆ. ಯಾರು ಯಾವ ಹೊತ್ತಿನಲ್ಲಿ ಒಳಬಂದರು, ಎಲ್ಲಿಂದ ಎಲ್ಲಿಗೆ ಎಷ್ಟು ಮಾಹಿತಿ ಹರಿಯಿತು ಎಂಬುದನ್ನು ಯಂತ್ರವೇ ಬರೆದಿಡುತ್ತದೆ. ಆ ಬರಹವನ್ನು ನೋಡುತ್ತ, ವಾಡಿಕೆ ತಪ್ಪಿದ್ದು ಕಂಡೊಡನೆ ಎಚ್ಚರಗೊಳ್ಳುವುದು ಅವನ ಉದ್ಯೋಗ. ಹೆಸರು ಹೊಸದಾದರೂ ಈ ಉದ್ಯೋಗ ನಮ್ಮ ಸೀಮೆಗೆ ಬಹು ಹಳೆಯದು.

1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಹೆರಾತಿನಿಂದ ಬಂದ ರಾಯಭಾರಿ ಅಬ್ದುರ್ ರಜಾಕನು ವಿಜಯನಗರದ ಕಾವಲನ್ನು ವರ್ಣಿಸಿದ್ದಾನೆ. ಟಂಕಸಾಲೆಯ ಎದುರಿಗೆ ನಗರಾಧಿಕಾರಿಯ ಕಚೇರಿ. ಅವನ ಕೈಕೆಳಗೆ 12,000 ಕಾವಲುಗಾರರು. ಏಳು ಕೋಟೆಗಳ ಒಳಗೆ ನಡೆಯುವುದನ್ನೆಲ್ಲ ಅವರು ತಿಳಿದಿರಬೇಕು; ಕಳುವಾದದ್ದನ್ನು ಹುಡುಕಿಕೊಡಬೇಕು, ಇಲ್ಲವಾದರೆ ದಂಡ ತೆರಬೇಕು. ಆ ಕಾಲದ ವಿಷಾದಕರ ವಾಡಿಕೆಯಂತೆ ರಜಾಕನ ಸಂಗಡಿಗನು ಕೊಂಡಿದ್ದ ಗುಲಾಮರು ಓಡಿಹೋದಾಗ, ಬಡವರು ವಾಸಿಸುವ ಕೇರಿಯ ಕಾವಲುಗಾರರಿಗೆ ಅವರನ್ನು ತಂದೊಪ್ಪಿಸಲು, ಇಲ್ಲವೇ ಬೆಲೆ ಕೊಡಲು ಅಪ್ಪಣೆಯಾಯಿತು. ಅವರು ಬೆಲೆಯನ್ನೇ ಕೊಟ್ಟರು.

ರಾಜಧಾನಿಯ ಹೊರಗೆ, ಹಳ್ಳಿಗಳಲ್ಲಿ ಈ ಹೊಣೆ ತಳವಾರನದು. ಅವನು ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ದಂಡು ಬಂದಾಗ ಜನ ಹುಡೇವನ್ನು ಏರಿ ದೂರದ ಧೂಳನ್ನು ನೋಡುತ್ತಿದ್ದರು. ಒಬ್ಬಂಟಿ ಕಳ್ಳನನ್ನು ಗುರುತಿಸಲು ತಳವಾರನ ಕಣ್ಣೇ ಬೇಕು. ಊರಿನವರ ನಡೆ ಬಲ್ಲವನಿಗೆ ಹೊರಗಿನವನ ಹೆಜ್ಜೆ ಬೇರೆಯಾಗಿ ಕಾಣುತ್ತದೆ. ದಖನ್ನಿನ ಹಳ್ಳಿಗಳಲ್ಲಿ ಕಳ್ಳನ ಜಾಡು ಗಡಿ ದಾಟಿತೆಂದು ತೋರಿಸಿಕೊಟ್ಟರೆ ಹೊಣೆ ಮುಂದಿನ ಊರಿಗೆ ಹೋಗುತ್ತಿತ್ತು. ಪಾಳೆಯಗಾರರ ಕಾಲಕ್ಕೆ ಅನೇಕ ಕಡೆ ಕಾವಲು ಕೇವಲ ವಸೂಲಿಯಾಯಿತು: ಹಣ ಉಳಿಯಿತು, ಹೊಣೆ ಹೋಯಿತು. 1800ರಲ್ಲಿ ಬಳ್ಳಾರಿ ಸೀಮೆ ಕಂಪನಿಯ ಕೈಸೇರಿದಾಗ ಥಾಮಸ್ ಮನ್ರೋ ಅದರ ಆಡಳಿತಕ್ಕೆ ಬಂದನು. ಅವನ ವಿಚಾರದ ಪ್ರಭಾವದಿಂದ ಮದರಾಸು ಸರ್ಕಾರವು 1816ರ ಶಾಸನದ ಮೂಲಕ ಕಾವಲನ್ನು ಊರಗೌಡನಿಗೂ ತಳವಾರನಿಗೂ ಮರಳಿ ಒಪ್ಪಿಸಿತು.

ಇನ್ನು ಇಂದಿನ ಮಾತು. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಗೆ ಕನ್ನ ಬಿದ್ದು 11 ಕೋಟಿ ರೂಪಾಯಿಗೂ ಮಿಕ್ಕ ಹಣ ಕಳುವಾಯಿತು. ಅಮೆರಿಕದ ಟಾರ್ಗೆಟ್ ಎಂಬ ಮಳಿಗೆಗಳ ಸಂಸ್ಥೆಯಲ್ಲಿ 2013ರ ಕೊನೆಗೆ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳ್ಳರ ಪಾಲಾಯಿತು. ಅಲ್ಲಿ ಕಾವಲಿನ ಯಂತ್ರ ಎಚ್ಚರಿಸಿತ್ತು. ಹಲವು ಎಚ್ಚರಿಕೆಗಳ ನಡುವೆ ಆ ಕೂಗಿಗೆ ಯಾರೂ ಓಗೊಡಲಿಲ್ಲ. ಕಾಣುವುದೇ ಕಾಯುವುದಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್‌ನಲ್ಲಿ ಹೊಸ ನಿರ್ದೇಶನ ಹೊರಡಿಸಿತು: ಕನ್ನ ಬಿದ್ದದ್ದು ತಿಳಿದ 6 ಗಂಟೆಗಳೊಳಗೆ ವರದಿ ಮಾಡಬೇಕು, ಸಂಚಾರದ ದಾಖಲೆಯನ್ನು 180 ದಿನ ಕಾದಿಡಬೇಕು. ಜಾಡು ತೋರಿಸುವ ಹಳೆಯ ಕಟ್ಟಳೆಯೇ ಇಲ್ಲಿ ಮತ್ತೆ ತಲೆಯೆತ್ತಿದೆ.

ಆದರೆ ಹೊಣೆಯನ್ನು ಹೊರಿಸುವುದರಲ್ಲಿಯೂ ನ್ಯಾಯ ಬೇಕು. ವಿಜಯನಗರದಲ್ಲಿ ಅಂದು ಬೆಲೆ ತೆತ್ತವರು ಬಡಕೇರಿಯ ಕಾವಲಿನವರು, ನಗರಾಧಿಕಾರಿಯಲ್ಲ. ಇಂದೂ ಕನ್ನ ಬಿದ್ದಾಗ ಮೊದಲು ಬೆರಳು ತೋರುವುದು ರಾತ್ರಿ ಪಾಳಿಯಲ್ಲಿ ಒಬ್ಬನೇ ಕುಳಿತ ಕಿರಿಯ ನೌಕರನತ್ತ. ಅವನಿಗೆ ಜೊತೆಯಾಳು ಇದ್ದನೆ, ಅವನ ಕೂಗನ್ನು ಕೇಳಬೇಕಾದವರು ಎಚ್ಚರವಿದ್ದರೆ ಎಂದು ವಿಚಾರಿಸುವವರು ವಿರಳ. ರೈತನ ಹೊಲದ ಹಕ್ಕು ಆ ಕಾವಲನ್ನೇ ನಂಬಿಕೊಂಡಿದೆ. ನಮ್ಮ ಹಳ್ಳಿಗಳು ತಳವಾರನಿಂದ ಲೆಕ್ಕ ಕೇಳುತ್ತಿದ್ದವು ನಿಜ. ಕಣದಲ್ಲಿ ಅವನ ಪಾಲನ್ನೂ ಅಳೆದು ಕೊಡುತ್ತಿದ್ದವು.