ಗೃಹಬಳಕೆಯ ಗ್ಯಾಸ್ ಬಾಯ್ಲರ್‌ನ ಹೊಗೆಕೊಳವೆ: ಬ್ರಿಟನ್ನಿನ ಚರಿತ್ರೆ

ಮನೆಯನ್ನು ಬೆಚ್ಚಗಿಡಲು ಮತ್ತು ನಲ್ಲಿಗೆ ಬಿಸಿನೀರು ಒದಗಿಸಲು ಬಳಸುವ ಗ್ಯಾಸ್ ಬಾಯ್ಲರ್‌ನಿಂದ ಉರಿದ ಅನಿಲಗಳನ್ನು ಹೊರಕ್ಕೆ ಸಾಗಿಸುವ ದಾರಿಗೆ ಹೊಗೆಕೊಳವೆ ಎಂದು ಹೆಸರು. ಬ್ರಿಟನ್ನಿನ ಬಹುಪಾಲು ಮನೆಗಳು ಇಂದಿಗೂ ಗ್ಯಾಸ್ ಬಾಯ್ಲರನ್ನೇ ನೆಚ್ಚಿಕೊಂಡಿವೆ. ಹೀಗಾಗಿ ಕೊಳವೆಯ ವಿನ್ಯಾಸ, ಜೋಡಣೆ, ಕಾನೂನು ಮೂರೂ ಅಲ್ಲಿ ಒಂದೂವರೆ ಶತಮಾನದಿಂದ ಜೊತೆಜೊತೆಗೆ ಬೆಳೆದು ಬಂದಿವೆ. ಈ ಬೆಳವಣಿಗೆಯ ಹೆಚ್ಚಿನ ಹೆಜ್ಜೆಗಳು ಯಾರದೋ ಸಾವಿನ ನಂತರ ಇಟ್ಟಂಥವು.

ಸೌದೆ ಒಲೆಯ ಹೊಗೆ ಮನೆಯೊಳಗೆ ತುಂಬಿದರೆ ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ, ಮಂದಿ ಬಾಗಿಲು ತೆರೆದು ಹೊರಗೆ ಓಡುತ್ತಾರೆ. ಗ್ಯಾಸ್ ಬಾಯ್ಲರ್‌ನ ಕೊಳವೆ ಕೆಟ್ಟಾಗ ಅಂಥ ಎಚ್ಚರಿಕೆ ಸಿಗುವುದಿಲ್ಲ. ಒಂದು ಘನ ಮೀಟರ್ ನೈಸರ್ಗಿಕ ಅನಿಲ ಪೂರ್ತಿ ಉರಿಯಲು ಸುಮಾರು 10 ಘನ ಮೀಟರ್ ಗಾಳಿ ಬೇಕು. ಉರಿದ ಮೇಲೆ ಉಳಿಯುವುದು ಕಾರ್ಬನ್ ಡೈಆಕ್ಸೈಡ್, ಗಾಳಿಯಲ್ಲಿದ್ದ ಸಾರಜನಕ ಮತ್ತು ತಣಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರಾಗುವಷ್ಟು ಆವಿ. ಇವು ಹೊರಗೆ ಹೋಗದೆ ಕೋಣೆಗೇ ಮರಳಿದರೆ ಅಲ್ಲಿನ ಆಮ್ಲಜನಕ ಕಡಿಮೆಯಾಗುತ್ತದೆ, ಜ್ವಾಲೆಗೆ ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿಯತೊಡಗುತ್ತದೆ. ಆಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಒಲವಿನಿಂದ ಅದಕ್ಕೆ ಅಂಟಿಕೊಳ್ಳುತ್ತದೆ. ಈ ಅಂಟುವಿಕೆಯನ್ನು 1850ರ ದಶಕದಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ವಿವರಿಸಿದ. 1890ರ ದಶಕದಲ್ಲಿ ಬ್ರಿಟನ್ನಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ತಾನೇ ಆ ಅನಿಲವನ್ನು ಉಸಿರಾಡಿ ಅದರ ಪರಿಣಾಮವನ್ನು ಹಂತಹಂತವಾಗಿ ದಾಖಲಿಸಿದ. ತಲೆನೋವು, ವಾಕರಿಕೆ, ಮಂಪರು ಎಂಬ ಅದೇ ಲಕ್ಷಣಗಳನ್ನು ಇಂದಿಗೂ ಎಷ್ಟೋ ಮನೆಗಳಲ್ಲಿ ಸಾಮಾನ್ಯ ಶೀತಜ್ವರವೆಂದು ಭಾವಿಸಿ ಜನ ಕಿಟಕಿ ಮುಚ್ಚಿ ಮಲಗಿಬಿಡುತ್ತಾರೆ.

ಕೊಳವೆಯಿಲ್ಲದ ಕಾಲ

ಲಂಡನ್ನಿನ ಬೀದಿಗಳಿಗೆ ಗ್ಯಾಸ್ ದೀಪ ಬಂದದ್ದು 19ನೇ ಶತಮಾನದ ಆರಂಭದಲ್ಲಿ. ಸ್ನಾನದ ನೀರಿಗೆ ಅದನ್ನು ಬಳಸುವ ಉಪಾಯ ಹೊಳೆಯಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1868ರಲ್ಲಿ ಬೆಂಜಮಿನ್ ವ್ಯಾಡಿ ಮಾನ್ ಎಂಬ ಲಂಡನ್ನಿಗ ‘ಗೀಸರ್’ ಎಂಬ ಉಪಕರಣಕ್ಕೆ ಪೇಟೆಂಟ್ ಪಡೆದ. ಕೆಳಗೆ ಗ್ಯಾಸ್ ಬರ್ನರ್ ಉರಿಯುತ್ತಿತ್ತು, ಮೇಲಿನಿಂದ ಇಳಿದ ನೀರು ಬಿಸಿ ಅನಿಲಕ್ಕೆ ನೇರವಾಗಿ ತಾಗುತ್ತಾ ಕಾದು ತೊಟ್ಟಿಗೆ ಬೀಳುತ್ತಿತ್ತು. ಉರಿದ ಅನಿಲ ಹೊರಗೆ ಹೋಗಲು ಕೊಳವೆ ಮಾತ್ರ ಇರಲಿಲ್ಲ. ಬಾಗಿಲು ಹಾಕಿದ ಸಣ್ಣ ಸ್ನಾನದ ಮನೆಯಲ್ಲಿ ಅದೆಲ್ಲ ಸ್ನಾನ ಮಾಡುವವರ ಉಸಿರಿಗೇ ಬರುತ್ತಿತ್ತು. ಅಂದಿನ ಗ್ಯಾಸ್ ಕಲ್ಲಿದ್ದಲಿನಿಂದ ತೆಗೆದದ್ದು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಮೊದಲೇ ಬೆರೆತಿರುತ್ತಿದ್ದುದರಿಂದ ಉರಿಯದೆ ಸೋರಿದರೂ ಸಾವು, ಸರಿಯಾಗಿ ಉರಿಯದಿದ್ದರೂ ಸಾವು.

ಜರ್ಮನಿಯ ಡೆಸಾವ್ ಪಟ್ಟಣದಲ್ಲಿ ಹ್ಯೂಗೊ ಯುಂಕರ್ಸ್, ಮುಂದೆ ವಿಮಾನಗಳಿಂದ ಹೆಸರಾದವನು, 1890ರ ದಶಕದಲ್ಲಿ ಗ್ಯಾಸ್ ನೀರುಕಾಯಕಗಳನ್ನು ತಯಾರಿಸತೊಡಗಿದ. ಅಲ್ಲಿಂದ ಮುಂದಿನ ಉಪಕರಣಗಳಲ್ಲಿ ನೀರು ಬೇರೆ ದಾರಿ ಹಿಡಿಯಿತು, ಬಿಸಿ ಅನಿಲ ಬೇರೆ ದಾರಿ ಹಿಡಿಯಿತು, ಕೊಳವೆ ಕೂಡಿಸುವುದು ರೂಢಿಯಾಯಿತು.

ಕಲ್ಲಿದ್ದಲ ಚಿಮಣಿಗೆ ಗ್ಯಾಸ್

1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಕವಿದ ಹೊಗೆಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅದರ ಫಲವಾಗಿ 1956ರಲ್ಲಿ ಶುದ್ಧ ವಾಯು ಕಾಯ್ದೆ ಬಂತು, ಮನೆಗಳು ಕಲ್ಲಿದ್ದಲನ್ನು ಬಿಡತೊಡಗಿದವು. ಬೆಂಕಿಗೂಡಿನಲ್ಲೇ ಗ್ಯಾಸ್ ಬೆಂಕಿ, ಅದರ ಹಿಂದೆ ಅಡಗಿದ ‘ಬ್ಯಾಕ್ ಬಾಯ್ಲರ್’, ಮೇಲೆ ಅಜ್ಜನ ಕಾಲದ ಇಟ್ಟಿಗೆ ಚಿಮಣಿ: ಇದು ಮುಂದಿನ ಮೂರು ದಶಕ ಬ್ರಿಟನ್ನಿನ ಅಸಂಖ್ಯ ಮನೆಗಳ ಏರ್ಪಾಡು.

ಆದರೆ ಕಲ್ಲಿದ್ದಲ ಚಿಮಣಿ ಗ್ಯಾಸಿಗೆ ಒಗ್ಗುವಂಥದ್ದಲ್ಲ. ಬಿಸಿ ಅನಿಲ ಹಗುರಾಗಿ ಮೇಲೇರುವುದರಿಂದಲೇ ಚಿಮಣಿಗೆ ಸೆಳೆತ ಬರುತ್ತದೆ. ಕಲ್ಲಿದ್ದಲಿನ ಬೆಂಕಿಗಿಂತ ಗ್ಯಾಸಿನ ಅನಿಲ ತಣ್ಣಗಿರುತ್ತದೆ, ಒದ್ದೆಯಾಗಿಯೂ ಇರುತ್ತದೆ. ದೊಡ್ಡ ಚಿಮಣಿಯಲ್ಲಿ ಅದು ಅರ್ಧ ದಾರಿಯಲ್ಲೇ ತಣಿದು ನೀರಾಗಿ ಗೋಡೆಗೆ ಹತ್ತುತ್ತಿತ್ತು. ಹಳೆಯ ಮಸಿಯ ಗಂಧಕ ಸೇರಿದ ಆ ನೀರು ಇಟ್ಟಿಗೆ ನಡುವಿನ ಗಾರೆಯನ್ನು ತಿಂದುಹಾಕಿತು, ಉದುರಿದ ಗಾರೆ ಕೆಳಗೆ ಬಿದ್ದು ದಾರಿಯನ್ನೇ ಮುಚ್ಚಿತು. 1960ರ ದಶಕದ ಕಟ್ಟಡ ನಿಯಮಗಳು ಹೊಸ ಚಿಮಣಿಗಳಿಗೆ ಒಳಪದರ ಇರಬೇಕೆಂದವು. ಹಳೆಯವಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಬಳುಕುವ ಕೊಳವೆಯನ್ನು ಮೇಲಿನಿಂದ ಇಳಿಬಿಡುವ ಪದ್ಧತಿ ಬಂತು. ಈ ಕೊಳವೆ ತುದಿಯಿಂದ ಬುಡದವರೆಗೆ ನಡುವೆ ಜಾಯಿಂಟ್ ಇಲ್ಲದೆ ಒಂದೇ ಆಗಿರಬೇಕು.

ಕೋಣೆಯ ಗಾಳಿಯನ್ನೇ ಬಳಸುವ ಇಂಥ ‘ತೆರೆದ’ ಬಾಯ್ಲರುಗಳಲ್ಲಿ ಕೊಳವೆಯ ಬುಡದಲ್ಲಿ ತೆರೆದ ಅಂಚಿನ ಒಂದು ಟೋಪಿ ಇರುತ್ತದೆ. ಹೊರಗಿನ ಗಾಳಿ ಕೆಳಮುಖವಾಗಿ ನುಗ್ಗಿದಾಗ ಅದು ನೇರ ಜ್ವಾಲೆಗೆ ಬೀಳದಂತೆ ಟೋಪಿ ಪಕ್ಕಕ್ಕೆ ತಿರುಗಿಸುತ್ತದೆ. ಬ್ರಿಟಿಷ್ ಮಾನಕ ಬಿ.ಎಸ್. 5440ರ ಪ್ರಕಾರ ಆ ಟೋಪಿಯಿಂದ ಮೇಲೆ ಕನಿಷ್ಠ 600 ಮಿ.ಮೀ. ಕೊಳವೆ ನೆಟ್ಟಗೇ ಏರಬೇಕು, ಆಮೇಲಷ್ಟೇ ತಿರುವು. ಬಾಯ್ಲರಿನ ಶಕ್ತಿ 7 ಕಿಲೋವಾಟ್ ಮೀರಿದರೆ ಮೀರಿದ ಪ್ರತಿ ಕಿಲೋವಾಟಿಗೂ ಗೋಡೆಯಲ್ಲಿ 5 ಚದರ ಸೆಂ.ಮೀ. ಗಾಳಿಕಿಂಡಿ ಬೇಕು. ಅಂದರೆ 15 ಕಿಲೋವಾಟಿನ ಬಾಯ್ಲರಿಗೆ 40 ಚದರ ಸೆಂ.ಮೀ. ಕಿಂಡಿ. 1973ರ ತೈಲ ಬಿಕ್ಕಟ್ಟಿನ ನಂತರ ಶಾಖ ಉಳಿಸಲೆಂದು ಜನ ಕಿಟಕಿಗಳಿಗೆ ಎರಡು ಪದರದ ಗಾಜು ಹಾಕಿಸಿದರು, ಸಂದುಗಳನ್ನು ಮುಚ್ಚಿದರು, ಚಳಿಗಾಳಿ ಬರುವ ಕಿಂಡಿಗೂ ಬಟ್ಟೆ ತುರುಕಿದರು. ಉಳಿತಾಯದ ಈ ಒಳ್ಳೆಯ ಬುದ್ಧಿ ಬಾಯ್ಲರಿನ ಉಸಿರನ್ನೇ ಕಟ್ಟಿಹಾಕಿತು.

ತೆರೆದ ಕೊಳವೆಯ ಪರೀಕ್ಷೆ ನೋಡಲು ಸರಳ, ಮಾಡಲು ತಾಳ್ಮೆ ಬೇಕು. ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಅಡುಗೆಮನೆಯ ಹೊಗೆ ಎಳೆಯುವ ಫ್ಯಾನನ್ನು ಚಾಲೂ ಮಾಡಿ, ಬಾಯ್ಲರನ್ನು ಕೆಲವು ನಿಮಿಷ ಉರಿಸಿದ ಮೇಲೆ, ಹೊಗೆಯಾಡುವ ಕಡ್ಡಿಯೊಂದನ್ನು ಟೋಪಿಯ ಅಂಚಿನ ಉದ್ದಕ್ಕೂ ಹಿಡಿಯಬೇಕು. ಹೊಗೆಯ ಎಳೆ ಒಳಕ್ಕೆ ಬಾಗಿದರೆ ಸರಿ. ಹೊರಕ್ಕೆ ಬಂದರೆ ಬಾಯ್ಲರನ್ನು ಅಲ್ಲೇ ಆರಿಸಬೇಕು. ಫ್ಯಾನ್ ಹಾಕದೆ ಪರೀಕ್ಷೆ ಮುಗಿಸಿದವರಿಗೆ ಕೊಳವೆ ಸರಿಯಿದೆಯೆಂದೇ ಕಾಣುತ್ತದೆ. ಸಂಜೆ ಅಡುಗೆಗೆ ನಿಂತವರು ಫ್ಯಾನ್ ಹಾಕಿದ ಗಳಿಗೆಯಲ್ಲಿ ಅದು ಚಿಮಣಿಯ ಅನಿಲವನ್ನೇ ಕೆಳಕ್ಕೆ ಎಳೆದುಬಿಡಬಹುದು.

ಕೋಣೆಯಿಂದ ಬೇರೆಯಾದ ಬೆಂಕಿ

ಎರಡನೇ ಮಹಾಯುದ್ಧದ ನಂತರ ಎದ್ದ ಬಹುಮಹಡಿ ವಸತಿಗಳಲ್ಲಿ ಮನೆಗೊಂದು ಚಿಮಣಿ ಕಟ್ಟುವುದು ಆಗದ ಮಾತು. ಆಗ್ನೇಯ ಗ್ಯಾಸ್ ಮಂಡಳಿ ರೂಪಿಸಿದ, ಅದರ ಹೆಸರಿನಿಂದಲೇ ‘ಎಸ್‌ಇ ಡಕ್ಟ್’ ಎನಿಸಿದ ವ್ಯವಸ್ಥೆಯಲ್ಲಿ ಕಟ್ಟಡದ ಬುಡದಿಂದ ಛಾವಣಿಯವರೆಗೆ ಒಂದೇ ದೊಡ್ಡ ಗಾಳಿಗೂಡು ಇರುತ್ತದೆ. ಪ್ರತಿ ಮಹಡಿಯ ಬಾಯ್ಲರೂ ಅದರಿಂದಲೇ ಗಾಳಿ ಎಳೆದು ಅದಕ್ಕೇ ಅನಿಲ ಬಿಡುತ್ತದೆ, ಮನೆಯೊಳಗಿನ ಗಾಳಿಯನ್ನು ಮುಟ್ಟುವುದಿಲ್ಲ. ಬಿಡಿ ಮನೆಗಳಿಗೆ ಅದೇ ಕಾಲದಲ್ಲಿ ‘ಬ್ಯಾಲೆನ್ಸ್ಡ್ ಫ್ಲೂ’ ಬಂತು. ಹೊರಗೋಡೆಯ ಒಂದೇ ಜಾಗದಲ್ಲಿ ಗಾಳಿ ಒಳಬರುವ ದಾರಿ, ಅನಿಲ ಹೊರಹೋಗುವ ದಾರಿ ಎರಡೂ ತೆರೆದುಕೊಳ್ಳುತ್ತವೆ. ಬಿರುಗಾಳಿ ಬೀಸಿದರೂ ಎರಡರ ಮೇಲೂ ಸಮನಾದ ಒತ್ತಡ ಬೀಳುವುದರಿಂದ ಜ್ವಾಲೆ ಅಲುಗುವುದಿಲ್ಲ. ಬಾಯ್ಲರ್ ಚರಿತ್ರೆಯಲ್ಲಿ ಇದಕ್ಕಿಂತ ಹೆಚ್ಚು ಜೀವ ಉಳಿಸಿದ ವಿನ್ಯಾಸ ಬೇರೊಂದಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಆಮೇಲೆ ಕೊಳವೆಗೆ ವಿದ್ಯುತ್ ಫ್ಯಾನ್ ಸೇರಿ ಅದು ಸಪೂರವಾಯಿತು, ಬಾಯ್ಲರನ್ನು ಗೋಡೆಯಿಂದ ದೂರವೂ ಇಡಬಹುದಾಯಿತು. ಜೊತೆಗೆ ಹೊಸ ಅಪಾಯವೂ ಬಂತು. ಫ್ಯಾನ್ ಗಾಳಿಯನ್ನು ಒಳಕ್ಕೆ ದೂಡುವ ಮಾದರಿಗಳಲ್ಲಿ ಬಾಯ್ಲರಿನ ಇಡೀ ಪೆಟ್ಟಿಗೆ ಒತ್ತಡದಲ್ಲಿರುತ್ತದೆ. ಮುಚ್ಚಳದ ಸೀಲ್ ಹಳತಾಗಿ ಸವೆದಿದ್ದರೆ ಉರಿದ ಅನಿಲ ಕೋಣೆಗೇ ಚಿಮ್ಮುತ್ತದೆ. ಸರ್ವಿಸ್ ಮುಗಿಸಿ ಮುಚ್ಚಳದ ಒಂದು ಸ್ಕ್ರೂ ಬಿಟ್ಟುಹೋದರೂ ಅಷ್ಟೇ ಸಾಕು.

ಕಾನೂನು

1967ರಿಂದ 1977ರವರೆಗೆ ಬ್ರಿಟನ್ ಉತ್ತರ ಸಮುದ್ರದ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಒಂದೂಕಾಲು ಕೋಟಿಗೂ ಹೆಚ್ಚು ಗ್ರಾಹಕರ ಮನೆಗಳಲ್ಲಿ ಬರ್ನರುಗಳನ್ನು ಒಂದೊಂದಾಗಿ ಮಾರ್ಪಡಿಸಲಾಯಿತು. ಹೊಸ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇರಲಿಲ್ಲ. ಸೋರಿಕೆಯಿಂದ ವಿಷವೇರುವ ಭಯ ಹೋಯಿತು, ಕೊಳವೆಯ ದೋಷದ ಭಯ ಉಳಿಯಿತು.

ಅದೇ ಅವಧಿಯಲ್ಲಿ, 1968ರ ಮೇ 16ರ ಬೆಳಿಗ್ಗೆ, ಪೂರ್ವ ಲಂಡನ್ನಿನ 22 ಮಹಡಿಯ ರೋನನ್ ಪಾಯಿಂಟ್ ಕಟ್ಟಡದ 18ನೇ ಮಹಡಿಯಲ್ಲಿ ಗ್ಯಾಸ್ ಸ್ಫೋಟಿಸಿ ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೆ ಕುಸಿಯಿತು. ನಾಲ್ವರು ಸತ್ತರು. ಸೋರಿಕೆಗೆ ಕಾರಣ ಒಲೆಗೆ ಗ್ಯಾಸ್ ತಂದ ಕೊಳವೆಯ ಕಳಪೆ ಹಿತ್ತಾಳೆ ನಟ್. ಹೊಗೆಕೊಳವೆಗೂ ಈ ದುರಂತಕ್ಕೂ ಸಂಬಂಧವಿಲ್ಲ, ಆದರೂ ಗ್ಯಾಸ್ ಕೆಲಸವನ್ನು ಯಾರು ಬೇಕಾದರೂ ಮಾಡಬಹುದೇ ಎಂಬ ಪ್ರಶ್ನೆಯನ್ನು ಅದು ಎಲ್ಲರ ಮುಂದಿಟ್ಟಿತು. 1970ರಲ್ಲಿ ಗ್ಯಾಸ್ ಮಿಸ್ತ್ರಿಗಳ ಸ್ವಯಂಪ್ರೇರಿತ ನೋಂದಣಿ ಸಂಸ್ಥೆ ‘ಕಾರ್ಗಿ’ ಹುಟ್ಟಿತು, 1972ರಲ್ಲಿ ಗ್ಯಾಸ್ ಸುರಕ್ಷತಾ ನಿಯಮಗಳು ಬಂದವು. ನೋಂದಣಿ ಕಡ್ಡಾಯವಾದದ್ದು 1991ರಲ್ಲಿ. 2009ರ ಏಪ್ರಿಲ್ 1ರಿಂದ ಆ ಜಾಗಕ್ಕೆ ‘ಗ್ಯಾಸ್ ಸೇಫ್ ರಿಜಿಸ್ಟರ್’ ಬಂದಿದೆ.

ಇಂದು ಜಾರಿಯಲ್ಲಿರುವುದು 1998ರ ನಿಯಮಗಳು. ಸ್ನಾನದ ಕೋಣೆಯಲ್ಲಿ ಹೊಸದಾಗಿ ಕೂರಿಸುವ ಬಾಯ್ಲರ್ ಕೋಣೆಯ ಗಾಳಿಯಿಂದ ಪೂರ್ತಿ ಬೇರ್ಪಟ್ಟಿರಲೇಬೇಕು. ಮಲಗುವ ಕೋಣೆಯಲ್ಲಿ 14 ಕಿಲೋವಾಟ್ ಮೀರಿದ್ದಕ್ಕೂ ಇದೇ ನಿಯಮ. ಮಾನಕಗಳು ಅಂತರವನ್ನೂ ಗೊತ್ತುಮಾಡಿವೆ: ಫ್ಯಾನ್ ಕೊಳವೆಯ ಹೊರತುದಿ ತೆರೆಯುವ ಕಿಟಕಿಯಿಂದ 300 ಮಿ.ಮೀ., ಎದುರಿನ ಗೋಡೆಯಿಂದ 600 ಮಿ.ಮೀ., ಎದುರಾಗಿರುವ ಇನ್ನೊಂದು ಹೊರತುದಿಯಿಂದ 1200 ಮಿ.ಮೀ. ದೂರವಿರಬೇಕು.

ಇಳಿಜಾರು ಮತ್ತು ಕಾಣದ ಜಾಯಿಂಟ್

2005ರ ಏಪ್ರಿಲ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಸ ಬಾಯ್ಲರ್ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಕಂಡೆನ್ಸಿಂಗ್ ಮಾದರಿಯದೇ ಆಗಿರಬೇಕಾಯಿತು. ಇದು ಹೊರಹೋಗುವ ಆವಿಯನ್ನು ಒಳಗೇ ತಣಿಸಿ ಅದರ ಶಾಖವನ್ನು ಉಳಿಸಿಕೊಳ್ಳುತ್ತದೆ. ಆಮ್ಲೀಯವಾದ ಆ ನೀರು ಕೊಳವೆಯಲ್ಲಿ ನಿಲ್ಲದೆ ಬಾಯ್ಲರಿಗೆ ಮರಳಿ ಅಲ್ಲಿಂದ ಚರಂಡಿಗೆ ಹೋಗಬೇಕು. ಹಳೆಯ ಫ್ಯಾನ್ ಬಾಯ್ಲರುಗಳ ಕೊಳವೆಯನ್ನು ಮಳೆನೀರು ಒಳಬಾರದಂತೆ ಹೊರಗಡೆಗೆ ತುಸು ಇಳಿಜಾರಾಗಿ ಕೂರಿಸುತ್ತಿದ್ದರು. ಹೊಸದಕ್ಕೆ ಇಳಿಜಾರು ಒಳಗಡೆಗೆ ಇರಬೇಕು, ಸಾಮಾನ್ಯವಾಗಿ ಸುಮಾರು 3 ಡಿಗ್ರಿ. ಹಳೆಯ ಕೈರೂಢಿ ಬಿಡದ ಮಿಸ್ತ್ರಿ ಹೊರಗೆ ಇಳಿಸಿದರೆ ಆಮ್ಲದ ನೀರು ಗೋಡೆಗೆ ತೊಟ್ಟಿಕ್ಕುತ್ತದೆ, ನಡುವೆ ಜೋಲು ಬಿದ್ದರೆ ನೀರು ನಿಂತು ದಾರಿ ಕಟ್ಟುತ್ತದೆ.

ಈ ಕೊಳವೆಗಳು ಪ್ಲಾಸ್ಟಿಕ್ ಇಲ್ಲವೇ ಹಗುರ ಲೋಹದವು, ಒಂದರೊಳಗೊಂದು ತೂರಿಸಿ ರಬ್ಬರ್ ಉಂಗುರದಿಂದ ಬಿಗಿಯಾಗುವಂಥವು. ಕೊಯ್ದ ಅಂಚನ್ನು ನೇರವಾಗಿಸಿ, ಮುಳ್ಳುಗಳನ್ನು ಅರದಿಂದ ಉಜ್ಜಿ, ಉಂಗುರಕ್ಕೆ ಜಾರುವಂಥದ್ದೇನನ್ನಾದರೂ ಸವರಿಯೇ ತೂರಿಸಬೇಕು. ಒಣಗಿದ್ದನ್ನು ಬಲವಂತದಿಂದ ದೂಡಿದರೆ ಉಂಗುರ ಮಡಚಿ ಹರಿಯುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಒಂದು ಕಂಪನಿಯ ಬಾಯ್ಲರಿಗೆ ಇನ್ನೊಂದರ ಕೊಳವೆ ಹಾಕುವಂತಿಲ್ಲ, ಏಕೆಂದರೆ ಎರಡನ್ನೂ ಒಟ್ಟಿಗೇ ಪರೀಕ್ಷಿಸಿ ಒಪ್ಪಿಗೆ ಕೊಟ್ಟಿರುತ್ತಾರೆ. ಜೋಡಣೆ ಮುಗಿದ ಮೇಲೆ ಗಾಳಿ ಒಳಬರುವ ಹಾದಿಯಲ್ಲಿ ಅನಿಲ ವಿಶ್ಲೇಷಕದ ಸೂಜಿಯಿಟ್ಟು ನೋಡುತ್ತಾರೆ. ಅಲ್ಲಿ ಆಮ್ಲಜನಕ ಶೇ. 20.6ಕ್ಕಿಂತ ಕಡಿಮೆಯಿದ್ದರೆ ಅನಿಲ ಹೊರಹೋಗುವ ಕೊಳವೆಯ ಯಾವುದೋ ಜಾಯಿಂಟ್ ಸೋರುತ್ತಿದೆ ಎಂದರ್ಥ.

2000ದ ದಶಕದಲ್ಲಿ ಕಟ್ಟಿದ ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಬಾಯ್ಲರ್ ಮನೆಯ ನಡುವೆ ಕೂತಿತು, ಕೊಳವೆ ಸುಳ್ಳು ಸೀಲಿಂಗಿನ ಮೇಲೆ ಹಲವು ಮೀಟರ್ ಸಾಗಿತು. ಜಾಯಿಂಟ್ ಕಳಚಿದ್ದರೂ ನೋಡಲು ದಾರಿಯಿರಲಿಲ್ಲ. 2008ರಲ್ಲಿ ಇಂಥ ಮನೆಯೊಂದರಲ್ಲಿ ಸಾವು ಸಂಭವಿಸಿದ ನಂತರ ತಪಾಸಣೆಯ ಕಿಂಡಿಗಳು ಬೇಕೆಂಬ ಕೂಗು ಬಲವಾಯಿತು. 2010ರ ಕಟ್ಟಡ ಮಾರ್ಗದರ್ಶಿ ಕಿಂಡಿ ಕನಿಷ್ಠ 300×300 ಮಿ.ಮೀ. ಇರಬೇಕು, ಯಾವ ತಿರುವೂ ಕಿಂಡಿಯಿಂದ 1.5 ಮೀಟರಿಗಿಂತ ದೂರವಿರಬಾರದು ಎಂದಿತು. 2013ರ ಜನವರಿಯಿಂದ ಕಿಂಡಿಯಿಲ್ಲದ ಮುಚ್ಚಿದ ಕೊಳವೆ ಕಂಡರೆ ಮನೆಯವರ ಒಪ್ಪಿಗೆ ಪಡೆದು ಬಾಯ್ಲರ್ ಆರಿಸುವಂತೆ ಮಿಸ್ತ್ರಿಗಳಿಗೆ ಸೂಚನೆ ಹೋಯಿತು. ಕಣ್ಣಿಗೆ ಕಾಣದ ಜಾಯಿಂಟನ್ನು ಯಾರೂ ಸುರಕ್ಷಿತವೆಂದು ಬರೆದುಕೊಡಬಾರದು ಎಂಬ ಈ ನಿಲುವು ಬಹಳ ಮೊದಲೇ ಬರಬೇಕಿತ್ತು.

ಕರ್ನಾಟಕದ ಮಾತು

ಕೋಣೆ ಬೆಚ್ಚಗಿಡುವ ಬಾಯ್ಲರ್ ನಮ್ಮಲ್ಲಿಲ್ಲ. ಬಚ್ಚಲ ಹಂಡೆಗೆ ಉರಿ ಹಾಕುವ ಒಲೆಯ ಬಾಯನ್ನು ಕೆಲವು ಹಳೆಯ ಮನೆಗಳಲ್ಲಿ ಹೊರಗೋಡೆಯ ಕಡೆಗೇ ಇಟ್ಟಿದ್ದುದು ಬಲ್ಲವರ ಕೆಲಸ. ಆದರೆ ನಗರಗಳ ಇಕ್ಕಟ್ಟಾದ ಸ್ನಾನದ ಮನೆಗಳಲ್ಲಿ ಕೊಳವೆಯಿಲ್ಲದ ಎಲ್‌ಪಿಜಿ ಗೀಸರ್ ಕೂರಿಸಿ, ಚಿಲಕ ಹಾಕಿ ಸ್ನಾನ ಮಾಡುವಾಗ ಸತ್ತವರ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಲಂಡನ್ನಿನಲ್ಲಿ 1868ರಲ್ಲಿದ್ದ ತಪ್ಪೇ ಇದು. ಗೀಸರ್, ಸಿಲಿಂಡರ್ ಎರಡನ್ನೂ ಗಾಳಿಯಾಡುವ ಹೊರಜಾಗದಲ್ಲಿಟ್ಟು ನೀರಿನ ಪೈಪನ್ನು ಮಾತ್ರ ಒಳಗೆ ತರುವುದು ಖರ್ಚಿನ ಮಾತೇನಲ್ಲ.

ವಾರ್ಷಿಕ ತಪಾಸಣೆ ಮತ್ತು ಅಲಾರಂ

ಬ್ರಿಟನ್ನಿನಲ್ಲಿ ಬಾಡಿಗೆ ಮನೆಯ ಮಾಲೀಕ ಪ್ರತಿ 12 ತಿಂಗಳಿಗೊಮ್ಮೆ ಬಾಯ್ಲರನ್ನೂ ಕೊಳವೆಯನ್ನೂ ನೋಂದಾಯಿತ ಮಿಸ್ತ್ರಿಯಿಂದ ಪರೀಕ್ಷೆ ಮಾಡಿಸಬೇಕು. ಅದರ ದಾಖಲೆಯ ಪ್ರತಿಯನ್ನು ಹೊಸ ಬಾಡಿಗೆದಾರರಿಗೆ ಅವರು ಮನೆಗೆ ಬರುವ ಮೊದಲೇ, ಇರುವವರಿಗೆ ಪರೀಕ್ಷೆಯಾದ 28 ದಿನದೊಳಗೆ ಕೊಡಬೇಕು. ಕೆಲಸಕ್ಕೋ ಓದಿಗೋ ಅಲ್ಲಿಗೆ ಹೋಗಿ ಮನೆ ಹಿಡಿಯುವ ಕನ್ನಡಿಗರು ಈ ಕಾಗದವನ್ನು ಸಂಕೋಚಪಡದೆ ಕೇಳಬೇಕು. ಅದು ಅವರ ಹಕ್ಕು. 2022ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ ಗ್ಯಾಸ್ ಬಾಯ್ಲರ್ ಇರುವ, ಜನ ಬಳಸುವ ಕೋಣೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಕಡ್ಡಾಯ. ಅದಕ್ಕೂ ಮುನ್ನ, 2015ರ ನಿಯಮದಲ್ಲಿ, ಸೌದೆ ಕಲ್ಲಿದ್ದಲು ಉರಿಸುವ ಕೋಣೆಗಳಿಗಷ್ಟೇ ಈ ಕಟ್ಟಳೆ ಇತ್ತು. ಅಲಾರಂ ಬಾಯ್ಲರಿನಿಂದ 1ರಿಂದ 3 ಮೀಟರ್ ದೂರದಲ್ಲಿರಬೇಕು. ಅದು ಕೂಗಿಕೊಂಡರೆ ಬಾಯ್ಲರ್ ಆರಿಸಿ, ಕಿಟಕಿ ಬಾಗಿಲು ತೆರೆದು, ಎಲ್ಲರೂ ಹೊರಗೆ ಬಂದ ಮೇಲೆಯೇ ಮಿಸ್ತ್ರಿಯನ್ನು ಕರೆಯಬೇಕು. ಕೊಳವೆಯ ದೋಷ ಸರಿಹೋಗುವವರೆಗೆ ಬಾಯ್ಲರನ್ನು ಮತ್ತೆ ಹಚ್ಚುವಂತಿಲ್ಲ.