ಅಪ್ಪನ ಡೈರಿ, ಗೋಗಿಯ ಉರುಸು ಮತ್ತು ಈವೆಂಟ್ ಮ್ಯಾನೇಜ್‌ಮೆಂಟು

ಮೊನ್ನೆ ರಾತ್ರಿ ಎರಡು ಗಂಟೆಗೆ ಫೋನು. ಆ ಹೊತ್ತಿನಲ್ಲಿ ಫೋನು ಬಂದರೆ ಎದೆ ಧಸಕ್ ಅನ್ನುತ್ತದೆ ನೋಡಿ. ತಮ್ಮನ ಮಗ. ಬೆಂಗಳೂರಿನ ಒಂದು ಈವೆಂಟ್ ಮ್ಯಾನೇಜ್‌ಮೆಂಟ್ ಕಂಪನಿಯಲ್ಲಿ ಎರಡು ವರ್ಷದಿಂದ ಇದ್ದಾನೆ.

"ದೊಡ್ಡಪ್ಪ, ಈಗ ಸ್ಟೇಜಿನ ಕೆಲಸ ಮುಗೀತು. ಮತ್ತ ಮುಂಜಾನೆ ಆರಕ್ಕ ಬಾ ಅಂದಾರ. ಈ ಕೆಲಸ ಬಿಟ್ಟು ಬಿಡ್ಲೇನು?"

ಮಲಗು, ನಾಳೆ ಮಾತಾಡೋಣ ಅಂದೆ. ಆದರೆ ಆಮೇಲೆ ನನಗೇ ನಿದ್ದೆ ಹತ್ತಲಿಲ್ಲ. ಯಾಕೆಂದರೆ ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಮೊದಲು ಕೇಳಿದ್ದು ಅವನಲ್ಲ, ನಮ್ಮವ್ವ. ಅಪ್ಪನಿಗೆ ಕೇಳುತ್ತಿದ್ದಳು, ವರ್ಷಕ್ಕೆ ನಾಲ್ಕು ಸಲವಾದರೂ.

ನಮ್ಮೂರು ಗೋಗಿ. ಶಹಾಪುರ ತಾಲ್ಲೂಕು. ನಾನು ಹುಟ್ಟಿದಾಗ ಗುಲಬರ್ಗಾ ಜಿಲ್ಲೆ, 2009ರ ಡಿಸೆಂಬರಿನಿಂದ ಯಾದಗಿರಿ ಜಿಲ್ಲೆ. ಅಲ್ಲಿ ಅಪ್ಪನದು ಮೈಕ್ ಸೆಟ್ ಮತ್ತು ಶಾಮಿಯಾನದ ಅಂಗಡಿ. 1981ರಲ್ಲಿ ಎರಡು ಹಾರ್ನು, ಒಂದು ಆಂಪ್ಲಿಫೈಯರ್, ಆರು ಗ್ಯಾಸ್ ಲೈಟು ಇಟ್ಟುಕೊಂಡು ಶುರು ಮಾಡಿದವ, 2014ರಲ್ಲಿ ಬಾಗಿಲು ಹಾಕಿದ. ಈವೆಂಟ್ ಮ್ಯಾನೇಜ್‌ಮೆಂಟ್ ಅನ್ನುವ ಹೆಸರು ಅವನಿಗೆ ಕೊನೆತನಕ ಗೊತ್ತಿರಲಿಲ್ಲ. ಕೆಲಸ ಮಾತ್ರ ಅದೇ.

ಅಪ್ಪ ಪ್ರತಿ ವರ್ಷ ಒಂದು ಡೈರಿ ಬರೆಯುತ್ತಿದ್ದ. ಊರಿಗೆ ಹೋದಾಗೆಲ್ಲ ಅವನ್ನು ತೆಗೆದು ನೋಡುವುದು ನನಗೊಂದು ಚಟ. ಒಂದೊಂದು ಪುಟದಲ್ಲೂ ಮೂರು ಪಂಚಾಂಗ! ಮೈಲಾಪುರದ ಮಲ್ಲಯ್ಯನ ಜಾತ್ರೆ ಸಂಕ್ರಾಂತಿಗೆ, ಅಂದರೆ ಸೂರ್ಯನ ಲೆಕ್ಕ. ಕ್ಯಾಲೆಂಡರಿನಲ್ಲಿ ಅಲುಗಾಡುವುದಿಲ್ಲ. ಮದುವೆಗಳು, ಬಾಕಿ ಜಾತ್ರೆಗಳು ಚಾಂದ್ರಮಾನದ ತಿಥಿಯ ಮೇಲೆ. ಹಿಂದೆ ಮುಂದೆ ಸರಿದರೂ ಅಧಿಕ ಮಾಸ ಬಂದು ಮತ್ತೆ ಜಾಗಕ್ಕೆ ತಂದು ಕೂರಿಸುತ್ತದೆ. ಮೂರನೆಯದು ಹಿಜರಿ. ಅಲ್ಲಿ ಅಧಿಕ ಮಾಸವಿಲ್ಲ. ನಮ್ಮೂರ ಚಂದಾ ಹುಸೇನಿ ದರ್ಗಾದ ಉರುಸು, ಮೊಹರಂ, ಎಲ್ಲವೂ ವರ್ಷಕ್ಕೆ ಹನ್ನೊಂದು ದಿನ ಹಿಂದಕ್ಕೆ ಜಾರುತ್ತವೆ. ಬೇಸಿಗೆಯ ಉರುಸು ಹಾಗೇ ಜಾರುತ್ತ ಚಳಿಗಾಲಕ್ಕೆ, ಅಲ್ಲಿಂದ ಮಳೆಗಾಲಕ್ಕೆ. ಮಳೆಗಾಲಕ್ಕೆ ಬಂತೆಂದರೆ ಅಪ್ಪನ ಗೋಳು ಕೇಳಬೇಡಿ. ಬಟ್ಟೆಯ ಶಾಮಿಯಾನ ನಡೆಯುವುದಿಲ್ಲ, ತಗಡು ಬೇಕು. ಎರೆ ಮಣ್ಣಿನಲ್ಲಿ ಕಂಬ ನೆಟ್ಟರೆ ಬೆಳಗಾಗುವಷ್ಟರಲ್ಲಿ ವಾಲಿರುತ್ತದೆ. ಲೈಟಿನ ವೈರು ನೆಲದ ಮೇಲೆ ಬಿಡುವಂತಿಲ್ಲ.

ಒಂದು ಸುತ್ತು ಮುಗಿಸಿ ಉರುಸು ಮೊದಲಿನ ಕಾಲಕ್ಕೆ ಬರಲು ಹೆಚ್ಚುಕಡಿಮೆ ಮೂವತ್ಮೂರು ವರ್ಷ ಬೇಕು. ಅಷ್ಟರಲ್ಲಿ ಉರುಸು ಮಾತ್ರ ಮೂವತ್ನಾಲ್ಕು ಆಗಿರುತ್ತವೆ. ಅಪ್ಪ ಅಂಗಡಿ ಇಟ್ಟಿದ್ದೂ ಸರಿಯಾಗಿ ಮೂವತ್ಮೂರು ವರ್ಷ. ಇದನ್ನು ನಾನು ಲೆಕ್ಕ ಹಾಕಿ ಹೇಳಿದಾಗ, "ಹಂಗಾರ ಒಂದು ಉರುಸು ಫುಕಟ್ ದುಡದೀನಿ ಅನ್ನು" ಅಂತ ನಕ್ಕಿದ್ದ :)

ನಮ್ಮೂರು ಇಂಥ ಕೆಲಸಕ್ಕೆ ಹೊಸದೇನಲ್ಲ. ಬಿಜಾಪುರದ ಆದಿಲಶಾಹಿಗಳ ಮೊದಲ ನಾಲ್ವರು ಸುಲ್ತಾನರ ಗೋರಿಗಳು ಇರುವುದು ಗೋಗಿಯಲ್ಲಿ, ಸೂಫಿ ಸಂತ ಚಂದಾ ಹುಸೇನಿಯ ದರ್ಗಾದ ಹತ್ತಿರ. ಗೋಳಗುಮ್ಮಟ ನೋಡಿದವರಿಗೆ ಇದು ಗೊತ್ತಿರುವುದಿಲ್ಲ. ಯೂಸುಫ್ ಆದಿಲ್ ಶಾಹ 1510ರಲ್ಲಿ ತೀರಿಕೊಂಡಾಗ ಇಲ್ಲಿ ಮಣ್ಣು ಮಾಡಿದರು. 1558ರಲ್ಲಿ ತೀರಿಕೊಂಡ ಒಂದನೇ ಇಬ್ರಾಹಿಂನ ತನಕ ಇದು ನಡೆಯಿತು. ಆಮೇಲೆ ಬಂದ ಒಂದನೇ ಅಲಿ ಆದಿಲ್ ಶಾಹನ ಗೋರಿ ಬಿಜಾಪುರದಲ್ಲೇ ಇದೆ. ಬಿಜಾಪುರದಿಂದ ಗೋಗಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಪ್ರತಿ ಸಲವೂ ಇಷ್ಟು ದೂರ ರಾಜನ ಶವ, ಸೈನ್ಯ, ಜನ, ಕುದುರೆ, ಅವರ ಊಟ, ನೀರು. ಯೋಚನೆ ಮಾಡಿ, ಯಾರೋ ಕೂತು ಇದನ್ನೆಲ್ಲ ಜೋಡಿಸಿರಬೇಕಲ್ಲ?

ಇವುಗಳಲ್ಲಿ ನನ್ನನ್ನು ಬಹಳ ಕಾಡುವುದು ಇಸ್ಮಾಯಿಲ್ ಆದಿಲ್ ಶಾಹನ ಕೊನೆಯ ಪಯಣ. 1534ರ ಆಗಸ್ಟ್ ತಿಂಗಳು. ಆತ ಆಗ ತೆಲಂಗಾಣದ ಕೋಯಿಲಕೊಂಡ ಕೋಟೆಗೆ ಮುತ್ತಿಗೆ ಹಾಕಿದ್ದ. ಅಲ್ಲೇ ಕಾಯಿಲೆ ಬಿದ್ದು ತೀರಿಕೊಂಡ. ಎದುರಿಗೆ ಗೋಲ್ಕೊಂಡದವರು, ಒಳಗೆ ಇಬ್ಬರು ಮಕ್ಕಳ ನಡುವೆ ಪಟ್ಟದ ತಕರಾರು. ಸುದ್ದಿ ಹೊರಗೆ ಬಿದ್ದರೆ ಸೈನ್ಯವೇ ಒಡೆದುಹೋಗುತ್ತದೆ. ಆಗ ಅಸದ್ ಖಾನ್ ಅನ್ನುವ ಹಿರಿಯ ಅಮೀರ ಸಾವನ್ನು ಮುಚ್ಚಿಟ್ಟು, ರಾತ್ರೋರಾತ್ರಿ ಮುಸುಕಿನ ಪಲ್ಲಕ್ಕಿಯಲ್ಲಿ ಶವವನ್ನು ಗೋಗಿಗೆ ಕಳಿಸಿದ. ಆಮೇಲಷ್ಟೇ ಉಳಿದವರಿಗೆ ತಿಳಿಸಿದ್ದು. ಬಿಜಾಪುರದಲ್ಲೇ ಇದ್ದು ಇತಿಹಾಸ ಬರೆದ ಫಿರಿಶ್ತಾ ಈ ಕಥೆ ಹೇಳುತ್ತಾನೆ.

ನಕಾಶೆ ತೆಗೆದು ನೋಡಿ. ಕೋಯಿಲಕೊಂಡ, ಗೋಗಿ, ಬಿಜಾಪುರ, ಮೂರೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿವೆ. ಗೋಗಿ ನಟ್ಟನಡುವೆ. ಕೋಯಿಲಕೊಂಡದಿಂದ ಗೋಗಿಗೂ ನೂರರ ಮೇಲೆಯೇ. ಮಧ್ಯದಲ್ಲಿ ಭೀಮಾ ನದಿ ದಾಟಬೇಕು, ಅದೂ ಆಗಸ್ಟಿನಲ್ಲಿ! ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಆ ತಿಂಗಳಿನಲ್ಲಿ ಭೀಮೆ ಹೇಗಿರುತ್ತಾಳೆ ಅಂತ. ಕತ್ತಲು, ಮಳೆಗಾಲ, ಕೆಸರು, ಹೆಗಲ ಮೇಲೆ ರಾಜನ ಹೆಣ, ಯಾರಾದರೂ ಕೇಳಿದರೆ ಬಾಯಿ ಬಿಡುವಂತಿಲ್ಲ. ಅಸದ್ ಖಾನನ ಹೆಸರು ಪುಸ್ತಕದಲ್ಲಿದೆ. ಪಲ್ಲಕ್ಕಿ ಹೊತ್ತ ಭೋಯಿಗಳು ಎಷ್ಟು ಸಲ ಹೆಗಲು ಬದಲಿಸಿದರು, ಎಲ್ಲಿ ಬುತ್ತಿ ಬಿಚ್ಚಿದರು? ನಮ್ಮಪ್ಪ ಆಗಿದ್ದಿದ್ದರೆ ಡೈರಿಯಲ್ಲಿ ಬರೆದಿಡುತ್ತಿದ್ದ. ಆಳು ಇಷ್ಟು, ದಿನ ಇಷ್ಟು, ಬಾಕಿ ಇಷ್ಟು.

ಮತ್ತೆ ಅಪ್ಪನ ವಿಷಯಕ್ಕೆ ಬರುತ್ತೇನೆ. ಈ ಕಸುಬಿನ ಕಷ್ಟ ಏನೆಂದರೆ ಮುಹೂರ್ತ ಎಲ್ಲರಿಗೂ ಒಂದೇ. ಊರಿಗೆಲ್ಲ ಒಳ್ಳೆ ದಿನ ಅಂದರೆ ಅಪ್ಪನಿಗೆ ಮೂರು ಊರಿನಲ್ಲಿ ಮೂರು ಪೆಂಡಾಲು. ತೊಗರಿ ರಾಶಿಯಾಗಿ ಕೈಗೆ ರೊಕ್ಕ ಬಂದ ಮೇಲೆ ಮಾಘದಿಂದ ಮದುವೆ ಶುರು. ಜ್ಯೇಷ್ಠದ ತನಕ ಅವನ ಮುಖ ನಾವು ನೋಡುತ್ತಿದ್ದುದು ಬೆಳಗಿನ ಜಾವ, ಅದೂ ಮಲಗಿದ್ದಾಗ. ಸಂಕ್ರಾಂತಿಗೆ ಅವನು ಮೈಲಾಪುರದಲ್ಲಿ, ಭಂಡಾರದ ಹಳದಿ ಮೆತ್ತಿಕೊಂಡು. ನಮ್ಮ ಮನೆಯಲ್ಲಿ ಸಜ್ಜಿ ರೊಟ್ಟಿ, ಬರ್ತ ಮಾಡಿಕೊಂಡು ನಾವು ನಾವೇ. ನನ್ನ ಮದುವೆಗೆ ಅಪ್ಪ ಬಂದಿದ್ದು ಅಕ್ಕಿಕಾಳಿಗೆ ಹತ್ತು ನಿಮಿಷ ಇದ್ದಾಗ. ಪಕ್ಕದೂರಿನಲ್ಲಿ ಜನರೇಟರ್ ಕೆಟ್ಟಿತ್ತಂತೆ. ಅಂಗಿಗೆ ಡೀಸೆಲ್ ವಾಸನೆ. ನಾನು ಆ ದಿನ ಅವನ ಜೊತೆ ಮಾತಾಡಲಿಲ್ಲ. ಫೋಟೋದಲ್ಲಿ ಈಗಲೂ ನನ್ನ ಮುಖ ಗಂಟು.

ಆದರೆ ಆಷಾಢ ಬಂತೆಂದರೆ ಎಲ್ಲ ಬಂದ್. ಬಿತ್ತನೆಯ ಕಾಲ, ಮದುವೆ ಇಲ್ಲ. ಅಪ್ಪ ಒಂದು ತಿಂಗಳು ಹೊಲದಲ್ಲಿ, ಸಂಜೆ ಮನೆಯಲ್ಲಿ. ಶಾಮಿಯಾನದ ಹರಕು ಹೊಲಿಯುತ್ತ ನಮಗೆ ಕಥೆ ಹೇಳುತ್ತಿದ್ದ. ಮೊಹರಂನಲ್ಲಿ ಸಾಬರ ಮದುವೆಗಳೂ ಇರುತ್ತಿರಲಿಲ್ಲ. ಅಧಿಕ ಮಾಸ ಬಿದ್ದರಂತೂ ಊರಿನವರೆಲ್ಲ ಬೇಜಾರಾದರೆ ನಮಗೆ ಹಬ್ಬ!

ಈ ಲೆಕ್ಕ ನಮ್ಮ ಕಣ್ಣೆದುರಿಗೇ ಕೆಟ್ಟಿತು. ನಾರಾಯಣಪುರದ ಕಾಲುವೆ ನೀರು ಶಹಾಪುರ, ಸುರಪುರದ ಕಡೆ ಬಂದ ಮೇಲೆ ಭತ್ತ ಶುರುವಾಯಿತು. ನಾಟಿಗೆ, ಕೊಯ್ಲಿಗೆ ಜನ ಬೇಕು, ಪೆಂಡಾಲಿಗೆ ಆಳು ಸಿಗದಂತಾಯಿತು. ನೀರು ಮುಟ್ಟದ ಹಳ್ಳಿಯ ಹುಡುಗರು ಬೆಂಗಳೂರಿಗೆ ಗುಳೆ ಹೋದರು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಚ್ಚಬಾರದು ಅನ್ನುವ ನಿಯಮ 2000ದಲ್ಲಿ ಬಂತು, 2005ರಲ್ಲಿ ಸುಪ್ರೀಂ ಕೋರ್ಟು ಅದನ್ನು ಗಟ್ಟಿ ಮಾಡಿತು. ಬೆಳಗಾಗುವ ತನಕ ನಡೆಯುವ ಬಯಲಾಟ, ಕವ್ವಾಲಿಗೆ ಮೈಕು ಹಾಕಿ ಅಲ್ಲೇ ಮೂಲೆಯಲ್ಲಿ ನಿದ್ದೆ ಮಾಡುತ್ತಿದ್ದ ಅಪ್ಪನಿಗೆ ಮೊದಲು ಇದು ಅರ್ಥವೇ ಆಗಲಿಲ್ಲ. ಅವ್ವ ಮಾತ್ರ ಆ ಕೋರ್ಟಿಗೆ ಕೈ ಮುಗಿದಳು.

ಮರುದಿನ ತಮ್ಮನ ಮಗನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿದ. ಆಮೇಲೆ ಅಂದ, "ಮುತ್ಯಾಗ ಆಷಾಢ ಇತ್ತು ದೊಡ್ಡಪ್ಪ. ನಮ್ಗ ಎಲ್ಲಿ ಅದ? ಮದುವಿ ಇಲ್ದಾಗ ಕಾನ್ಫರೆನ್ಸ್, ಅದು ಇಲ್ದಾಗ ಕಾರಿನ ಲಾಂಚ್. ಶನಿವಾರ ಐತವಾರ ಅಂತೂ ಕೇಳಬ್ಯಾಡ್ರಿ."

ನನಗೆ ಉತ್ತರ ಹೊಳೆಯಲಿಲ್ಲ. 2020ರಲ್ಲಿ ಲಾಕ್‌ಡೌನ್ ಆದಾಗ ಊರೂರಿನ ಶಾಮಿಯಾನದವರೆಲ್ಲ ತಿಂಗಳುಗಟ್ಟಲೆ ಖಾಲಿ ಕೂತಿದ್ದರು, ಅಂಥ ಬಿಡುವೂ ಯಾರಿಗೂ ಬೇಡ. ಕೆಲಸ ಬಿಡು ಅಂತಲೂ ಹೇಳಲಿಲ್ಲ, ಇರು ಅಂತಲೂ ಹೇಳಲಿಲ್ಲ. ಸಂಬಳ ಮಾತಾಡುವಾಗ ವರ್ಷಕ್ಕೆ ಒಂದು ತಿಂಗಳು ರಜೆ ಬರೆಸಿಕೋ, ಕೊಡದಿದ್ದರೆ ಬೇರೆ ಕಂಪನಿ ನೋಡು ಅಂದೆ.

"ಯಾವ ತಿಂಗಳು ಅಂತ ಬರೀಲಿ?"

"ಆಷಾಢ ಅಂತ ಬರಿ."

ನಕ್ಕ. ಬರುವ ಉರುಸಿಗೆ ಊರಿಗೆ ಬರುತ್ತಾನಂತೆ, ಮುತ್ಯಾನ ಡೈರಿ ನೋಡಬೇಕಂತೆ. ಉರುಸು ಈ ಸಲ ಯಾವ ತಾರೀಖು ಅಂತ ಕೇಳಿದ. ಹೋದ ವರ್ಷದ್ದಕ್ಕೆ ಹನ್ನೊಂದು ಕಳಿ ಅಂದೆ.