1799: ಒಂದೇ ವರ್ಷ ಇಷ್ಟು ಗಣ್ಯರ ಸಾವು, ವರ್ಷವೇ ಕೆಟ್ಟದ್ದೇ?

‘ದೊಡ್ಡವರೆಲ್ಲ ಒಂದೇ ವರ್ಷ ಹೋದರು, ವರ್ಷವೇ ಸರಿಯಿಲ್ಲ’ ಎಂಬಂಥ ಸಂದೇಶಗಳು ನಮ್ಮ ಫೋನಿಗೂ ಬರುತ್ತವೆ. ಇದರಲ್ಲಿ ನಿಜವೆಷ್ಟು? 1799ನೇ ಇಸವಿಯನ್ನೇ ನೋಡೋಣ.

ಫೆಬ್ರವರಿ: ಸೂಕ್ಷ್ಮಜೀವಿಗಳು ತಾವಾಗಿಯೇ ಹುಟ್ಟುವುದಿಲ್ಲ ಎಂದು ಪ್ರಯೋಗ ಮಾಡಿ ವಾದಿಸಿದ ಇಟಲಿಯ ವಿಜ್ಞಾನಿ ಸ್ಪಲ್ಲಾಂಜಾನಿ.

ಮೇ 4: ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್.

ಆಗಸ್ಟ್ 2: ಅಣ್ಣನೊಡನೆ ಬಿಸಿಗಾಳಿಯ ಬಲೂನು ಹಾರಿಸಿದ ಫ್ರಾನ್ಸಿನ ಎಟಿಯೆನ್ ಮಾಂಟ್‌ಗಾಲ್ಫಿಯರ್.

ಡಿಸೆಂಬರ್ 14: ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್.

ಪಟ್ಟಿ ನೋಡಿದರೆ ಅಚ್ಚರಿಯಾಗುತ್ತದೆ. ಆದರೆ ಕಾರಣಗಳನ್ನು ಕೇಳಿ. ಸ್ಪಲ್ಲಾಂಜಾನಿಯವರಿಗೆ ಮೂತ್ರಕೋಶದ ಕಾಯಿಲೆ. ಟಿಪ್ಪು ಕೋಟೆಯ ಕಾಳಗದಲ್ಲಿ ಮಡಿದರು. 67 ವರ್ಷದ ವಾಷಿಂಗ್ಟನ್ ಅವರ ಗಂಟಲು ಬಾತು ಉಸಿರು ಕಟ್ಟಿತು. ಅಂದಿನ ಪದ್ಧತಿಯಂತೆ ವೈದ್ಯರು ಒಂದೇ ದಿನದಲ್ಲಿ ಹಲವು ಬಾರಿ, 2 ಲೀಟರಿಗೂ ಹೆಚ್ಚು ರಕ್ತ ಹೊರತೆಗೆದರು. ಇಂದು ಯಾವ ವೈದ್ಯರೂ ಗಂಟಲು ಬೇನೆಗೆ ಹಾಗೆ ಮಾಡುವುದಿಲ್ಲ.

ಒಂದಕ್ಕೊಂದು ಸಂಬಂಧವೇ ಇಲ್ಲ. ಪ್ರತಿ ವರ್ಷವೂ ಲೋಕದಲ್ಲಿ ಅನೇಕ ಪ್ರಸಿದ್ಧರು ತೀರಿಕೊಳ್ಳುತ್ತಾರೆ. ಹೆಸರುಗಳನ್ನು ಒಟ್ಟಿಗೆ ಬರೆದಾಗ ನಮ್ಮ ಮನಸ್ಸೇ ನಂಟು ಕಟ್ಟುತ್ತದೆ. ಅದೇ ವರ್ಷ ಬದುಕುಳಿದವರ ಪಟ್ಟಿಯನ್ನು ಯಾರೂ ಮಾಡುವುದಿಲ್ಲ!

ಆದ್ದರಿಂದ ಇಂಥ ಸಂದೇಶ ಬಂದಾಗ ‘ಯಾವ ವರ್ಷ’ ಎಂದಲ್ಲ, ‘ಯಾವ ಕಾರಣ’ ಎಂದು ಕೇಳಿ. ವರ್ಷಕ್ಕೆ ಹೆದರಿ ಫಲವಿಲ್ಲ. ಕಾರಣ ತಿಳಿದರೆ ಮುಂದಿನ ಜೀವವನ್ನಾದರೂ ಉಳಿಸಬಹುದು.